ಮುಧೋಳದ ನಾಯಿ ನೋಡಲು ಹೋದೆವು

ಬಾಗಲಕೋಟೆಯಿಂದ ಹೊರಟ ಬಸ್ಸು ಗದ್ದನಕೇರಿ, ಕಲಾದಗಿ ದಾಟಿ ಲೋಕಾಪುರ ಮುಟ್ಟಿದ ಮೇಲೆ ಮುಧೋಳ ಬಹಳ ದೂರವಿಲ್ಲ. ಘಟಪ್ರಭೆಯ ನೀರುಂಡ ಸೀಮೆ. ರಸ್ತೆಯ ಎರಡೂ ಬದಿಗೆ ಕಬ್ಬು. ಕವಿ ರನ್ನ ಹುಟ್ಟಿದ ನೆಲ ಇದು ಎಂದು ಮೊಮ್ಮಗಳಿಗೆ ಹೇಳಿದೆ. ಕಿಟಕಿಗೆ ಮೂಗು ಒತ್ತಿ ಕುಳಿತಿದ್ದ ಅವಳಿಗೆ ರನ್ನನೂ ಬೇಡ, ಕಬ್ಬೂ ಬೇಡ. ಐದನೆಯ ತರಗತಿ ಮುಗಿಸಿ ಬೇಸಿಗೆ ರಜೆಗೆಂದು ಬೆಂಗಳೂರಿನಿಂದ ಬಂದವಳು. ಬಂದ ದಿನದಿಂದ ಒಂದೇ ಹಟ: "ಅಜ್ಜಾ, ನನಗೆ ಮುಧೋಳ ನಾಯಿಮರಿ ಕೊಡಿಸು." ಬೆಂಗಳೂರಿನಲ್ಲಿ ಅವರ ಮನೆ ಇರುವುದು ಐದನೆಯ ಮಹಡಿಯಲ್ಲಿ. ಮಗ, ಸೊಸೆ ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಹೊರಟರೆ ತಿರುಗಿ ಬರುವುದು ಕತ್ತಲಾದ ಮೇಲೆ. "ಕೊಡಿಸುವ ಮಾತು ಆಮೇಲೆ, ಮೊದಲು ನೋಡೋಣ ಬಾ" ಎಂದು ಕರೆದುಕೊಂಡು ಹೊರಟಿದ್ದೆ.

ಮುಧೋಳ ನನಗೆ ಹೊಸ ಊರಲ್ಲ. 1980ರ ದಶಕದಲ್ಲಿ ಆರು ವರ್ಷ ಅಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದೆ. ಬೆಳೆಸಾಲಕ್ಕೆ ಬರುವ ರೈತರ ಹಿಂದೆಯೇ ಉದ್ದ ಕಾಲಿನ, ಸಣ್ಣ ನಡುವಿನ ನಾಯಿಯೂ ಬರುತ್ತಿತ್ತು. ಯಜಮಾನ ಸರದಿಯಲ್ಲಿ ನಿಂತರೆ ಅದು ಹೊರಗೆ ಬೇವಿನ ನೆರಳಲ್ಲಿ ಕಾಯುತ್ತಿತ್ತು. ಹೊಸದಾಗಿ ವರ್ಗವಾಗಿ ಬಂದ ನಮ್ಮ ಮ್ಯಾನೇಜರರು ಎಲುಬು ಎಣಿಸುವಂತಿದ್ದ ಅದನ್ನು ನೋಡಿ, ಪಾಪ, ಇದಕ್ಕೆ ಅನ್ನವನ್ನೇ ಹಾಕುವುದಿಲ್ಲವೇನೋ ಅಂದುಕೊಂಡಿದ್ದರು! ಓಡುವುದಕ್ಕೆಂದೇ ಇರುವ ಮೈ ಅದು. ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ, ಕಿರಿದಾದ ಉದ್ದ ಮುಖ. ಇದು ವಾಸನೆ ಹಿಡಿದು ಹೋಗುವ ಬೇಟೆನಾಯಿಯಲ್ಲ, ಕಣ್ಣಲ್ಲಿ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವಂಥದು.

ಈ ತಳಿಗೆ ಹೆಸರು ತಂದುಕೊಟ್ಟವರು ಮುಧೋಳ ಸಂಸ್ಥಾನವನ್ನು ಆಳಿದ ಘೋರ್ಪಡೆ ಮನೆತನದವರು. ರಾಜಾ ಮಾಲೋಜಿರಾವ್ ಘೋರ್ಪಡೆ ಇಲ್ಲಿಯ ನಾಯಿಗಳನ್ನು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಇತ್ತು. ನನ್ನ ಸಂಗ್ರಹದಲ್ಲಿ ಆ ನಾಲ್ಕೂ ಇವೆ. 2020ರಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಇದರ ಹೆಸರು ಹೇಳಿದ ಮೇಲಂತೂ ಬೇಡಿಕೆ ಜೋರಾಯಿತು.

ಮೊದಲು ತಿಮ್ಮಾಪುರಕ್ಕೆ ಹೋದೆವು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇರುವುದು ಅಲ್ಲಿ. ದೊಡ್ಡ ನಾಯಿಗಳನ್ನು ಜಾಳಿಗೆಯ ಹೊರಗಿನಿಂದ ನೋಡಿದೆವು. ಎಳೆಯ ಮರಿಗಳ ಹತ್ತಿರ ಮಾತ್ರ ಬಿಡಲಿಲ್ಲ. ಮೊಮ್ಮಗಳ ಮುಖ ಸಣ್ಣದಾಯಿತು. ಕಾರಣ ಕೇಳಿದಾಗ ನನಗೆ ಸರಿ ಎನಿಸಿತು. ಪಾರ್ವೊ ಎಂಬ ವೈರಸ್ ರೋಗವಿದೆ. ಮರಿಗೆ ವಾಂತಿ, ರಕ್ತ ಬೆರೆತ ಭೇದಿ ಶುರುವಾಗಿ ಎರಡು ಮೂರು ದಿನದಲ್ಲೇ ಜೀವ ಹೋಗಬಹುದು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನಮ್ಮ ಚಪ್ಪಲಿಗೆ ಅಂಟಿಕೊಂಡು ಬರುತ್ತದೆ. ಅದಕ್ಕೇ ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಲಸಿಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ, ಮರಿಗೆ ನಾಲ್ಕು ತಿಂಗಳಾಗುವವರೆಗೆ. ಒಂದು ಹಾಕಿಸಿ, ಆಯಿತೆಂದು ಬಿಟ್ಟರೆ ಕಂತು ತಪ್ಪಿದ ಸಾಲದಂತೆಯೇ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ನಂತರ ವೈದ್ಯರು ಹೇಳಿದಂತೆ ವರ್ಷ ವರ್ಷ. ಜಂತುಹುಳದ ಔಷಧಿಯಂತೂ ಕಣ್ಣು ಬಿಟ್ಟ ಹೊಸತರಲ್ಲೇ ಆರಂಭ. ಇದನ್ನೆಲ್ಲ ಬರೆಯುವ ಕಾರ್ಡನ್ನು ತಿರುವಿ ನೋಡಿದೆ. ತಾರೀಕು, ಔಷಧಿಯ ಹೆಸರು, ಸಹಿ, ಮುಂದಿನ ತಾರೀಕು. ನಮ್ಮ ಪಾಸ್‌ಬುಕ್ಕಿಗಿಂತ ಅಚ್ಚುಕಟ್ಟು.

ಅಲ್ಲಿಂದ ಹತ್ತಿರದ ಹಳ್ಳಿಯ ರೈತರೊಬ್ಬರ ಮನೆಗೆ ಹೋದೆವು. ಅವರ ತಂದೆ ನಮ್ಮ ಬ್ಯಾಂಕಿನ ಹಳೆಯ ಗಿರಾಕಿ. "ಬರ್ರಿ ಸರ್, ಬರ್ರಿ, ಬಾ ಯವ್ವಾ" ಎಂದು ಜಗಲಿಯಲ್ಲಿ ಚಾಪೆ ಹಾಸಿ, ಬಾನಿಯ ನೀರು ಕೊಟ್ಟರು. ಮನೆಯಲ್ಲಿ ಮೂರು ದೊಡ್ಡ ನಾಯಿ, ಐದು ಮರಿ. ಅವುಗಳಿಗೆ ಜೋಳದ ನುಚ್ಚು, ಹಾಲು, ಆಗೀಗ ಮೊಟ್ಟೆ. ಮನೆಯ ಸಾರು ಹಾಕುವುದಿಲ್ಲವಂತೆ, ಅದರಲ್ಲಿ ಉಳ್ಳಾಗಡ್ಡಿ ಇರುತ್ತದೆ. ಈರುಳ್ಳಿ ನಾಯಿ ಬೆಕ್ಕುಗಳ ರಕ್ತಕ್ಕೆ ಕೆಟ್ಟದ್ದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷವಿದ್ದಂತೆ. ಅಜ್ಜಿಯಂದಿರೇ, ಹಬ್ಬದ ಪಾಯಸವನ್ನು ಪ್ರೀತಿಯಿಂದ ನಾಯಿಯ ತಟ್ಟೆಗೆ ಸುರಿಯಬೇಡಿ. ಬೇಯಿಸಿದ ಕೋಳಿಯ ಎಲುಬೂ ಬೇಡ, ಅದು ಸೀಳಿ ಕರುಳಿಗೆ ಚುಚ್ಚುತ್ತದೆ.

ಸಂಜೆ ಐದರ ಸುಮಾರಿಗೆ ಆ ಮನೆಯ ಹುಡುಗಿ ಶಾಲೆಯ ಗೆಳತಿಯರ ಜೊತೆ ಆಡುವುದನ್ನು ಬಿಟ್ಟು ಬಂದಳು. ನನ್ನ ಮೊಮ್ಮಗಳದ್ದೇ ವಯಸ್ಸು. ಬಂದವಳೇ ದೊಡ್ಡ ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಿವಿಯ ಒಳಗೆ, ಕುತ್ತಿಗೆಯ ಸುತ್ತ, ಕಾಲ್ಬೆರಳುಗಳ ಸಂದಿನಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ ಉಣ್ಣೆ ಹುಡುಕಿದಳು. ದಿನಾಲೂ ಇದು ಅವಳ ಪಾಲಿನ ಕೆಲಸ. ಉಣ್ಣೆ ಕಚ್ಚಿ ಬರುವ ಜ್ವರ ಕೆಟ್ಟದ್ದು. ನಾಯಿ ಅನ್ನ ಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಹಿಂದಿನವರು ಉಣ್ಣೆಗೆ ಸೀಮೆಎಣ್ಣೆ ಹಚ್ಚುತ್ತಿದ್ದರು. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ವೈದ್ಯರು ಕೊಡುವ ಔಷಧಿಯೇ ಸರಿ.

ಆ ಹುಡುಗಿ ನಾಯಿಯ ತುಟಿ ಎತ್ತಿ, ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟಳು. ಬೆಳ್ಳಗಾದ ಜಾಗ ಎರಡು ಎಣಿಸುವುದರೊಳಗೆ ಮತ್ತೆ ಗುಲಾಬಿಯಾಯಿತು. "ಹಿಂಗಾದ್ರ ಚಲೋ ಐತಿ ಅಂತ" ಎಂದಳು. ಮೊಮ್ಮಗಳೂ ಕೈ ಚಾಚಿದಳು. ಯಜಮಾನರು ಪಕ್ಕದಲ್ಲೇ ನಿಂತು ಮಾಡಿಸಿದರು. ಮಕ್ಕಳೇ, ಇದನ್ನು ಗುರುತಿಲ್ಲದ ನಾಯಿಯ ಮೇಲೆ ಮಾಡಲು ಹೋಗಬೇಡಿ.

ಆಗ ಯಜಮಾನರು ಕೇಳಿದರು, "ಬೆಂಗಳೂರಾಗ ನಿಮ್ಮ ಮನಿ ಎಷ್ಟನೇ ಮಾಳಿಗಿ, ಯವ್ವಾ?"

"ಐದು."

"ನಾಯಿಗೆ ಓಡಾಕ ಜಾಗಾ ಐತೇನು?"

"ಲಿಫ್ಟ್ ಇದೆ" ಎಂದಳು ನಮ್ಮ ಹುಡುಗಿ.

ಅವರು ನಗಲಿಲ್ಲ. "ಇದು ದಿನಾ ಮುಂಜಾನಿ ಹೊಲದಾಗ ದಣಿಯೂತನಕ ಓಡಬೇಕವ್ವಾ. ಓಡಲಿಲ್ಲಂದ್ರ ಹಾಸಿಗಿ ಹರೀತೈತಿ, ಊಟ ಬಿಡ್ತೈತಿ. ರೊಕ್ಕ ಯಾರರೆ ಕೊಡ್ತಾರ, ನಾಯಿ ಹಾಳಾಗಬಾರದು" ಎಂದರು. ಅವರಿಗೆ ಒಂದು ಮರಿ ಮಾರಿದರೆ ಬರುವ ಹಣ ಸಣ್ಣದಲ್ಲ. ಸಾಲದ ಅರ್ಜಿಗಳ ಮುಂದೆ ಕುಳಿತು ವರ್ಷಗಳನ್ನು ಕಳೆದ ನನಗೆ, ಬಾಗಿಲಿಗೆ ಬಂದ ಗಿರಾಕಿಯನ್ನು ಹೀಗೆ ತಿರುಗಿಸಿ ಕಳಿಸುವವರನ್ನು ಕಂಡರೆ ಗೌರವ.

ಮರಳುವಾಗ ಬಸ್ಸಿನಲ್ಲಿ ಲೋಕಾಪುರದವರೆಗೆ ಅವಳು ಮಾತಾಡಲಿಲ್ಲ. ನಾನೂ ಸಮಾಧಾನ ಮಾಡಲು ಹೋಗಲಿಲ್ಲ. ಕಲಾದಗಿಯ ಹತ್ತಿರ ಕೇಳಿದಳು, "ಹುಚ್ಚುನಾಯಿ ಲಸಿಕೆ ಬೆಕ್ಕಿಗೂ ಹಾಕ್ತಾರಾ, ಅಜ್ಜಾ?"

ಹಾಕಿಸಲೇಬೇಕು. ಬೆಕ್ಕು ಪರಚಿದರೂ ಕಚ್ಚಿದರೂ ಆ ರೋಗ ಬರಬಹುದು, ಬಂದ ಮೇಲೆ ಉಳಿಸುವ ಔಷಧಿ ಇಲ್ಲ. ಮುಧೋಳದಲ್ಲಿದ್ದಾಗ ನಮ್ಮ ಜವಾನರ ಮಗನಿಗೆ ಬೀದಿನಾಯಿ ಕಚ್ಚಿತ್ತು. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಆ ಹುಡುಗ ಆಸ್ಪತ್ರೆಯ ಗೇಟು ಕಂಡರೇ ಅಳುತ್ತಿದ್ದ, ಆದರೆ ಉಳಿದ. ಈಗ ಹಾಗಿಲ್ಲ. ತೋಳಿಗೆ ನಾಲ್ಕೈದು ಬಾರಿ ಚುಚ್ಚುತ್ತಾರೆ, ಗಾಯ ಆಳವಾಗಿದ್ದರೆ ಗಾಯಕ್ಕೂ ಒಂದು ಔಷಧಿ. ಆದರೆ ಕಚ್ಚಿದ ಕೂಡಲೇ ನಲ್ಲಿಯ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾರದಪುಡಿ ಯಾವುದೂ ಬೇಡ. ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಬೈಯುತ್ತಾರೆಂದು ಹೆದರಿ ಮನೆಯಲ್ಲಿ ಹೇಳದೆ ಇರಬೇಡಿ, ಮಕ್ಕಳೇ.

ಅವಳು ಕೇಳಿದ್ದು ನಮ್ಮ ಬೂದಿಯ ವಿಷಯ. ತಾನಾಗಿ ಬಂದು ಹಿತ್ತಲು ಸೇರಿದ ಬೂದುಬಣ್ಣದ ಬೆಕ್ಕಿನ ಮರಿ, ಆಗತಾನೇ ಮೂರು ತಿಂಗಳು ತುಂಬಿತ್ತು. ಮರುದಿನ ಅದನ್ನು ಮುಚ್ಚಳವಿದ್ದ ಹಣ್ಣಿನ ಬುಟ್ಟಿಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ದೆವು. ಬುಟ್ಟಿ ಹಿಡಿದವಳು ಮೊಮ್ಮಗಳು. ವೈದ್ಯೆ ಲಸಿಕೆ ಹಾಕಿ ಒಂದು ಎಚ್ಚರಿಕೆ ಹೇಳಿದರು: ಮೈ ಬಿಸಿ ಎಂದು ನಮ್ಮ ಜ್ವರದ ಮಾತ್ರೆ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಬೆಕ್ಕು, ನಾಯಿಗಳ ಮೈ ನಮಗಿಂತ ಬಿಸಿಯೇ. ನಮಗೆ 101 ಡಿಗ್ರಿ ಎಂದರೆ ಜ್ವರ, ಅವಕ್ಕೆ ಅದು ಆರೋಗ್ಯ.

ಕಾರ್ಡಿನಲ್ಲಿ ಹೆಸರಿನ ಜಾಗಕ್ಕೆ 'ಬೂದಿ' ಎಂದು ಬರೆಸಿ, ಯಜಮಾನರ ಜಾಗಕ್ಕೆ ತನ್ನ ಹೆಸರು ಬರೆಸಿಕೊಂಡಳು. ಮುಂದಿನ ಜಂತಿನ ಔಷಧಿಯ ದಿನ ಅವಳು ಬೆಂಗಳೂರಿನಲ್ಲಿರುತ್ತಾಳೆ. ಆ ದಿನ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತೇನೆ ಎಂದು ಹೇಳಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಸುತ್ತು ಹಾಕಿ ಹೋಗಿದ್ದಾಳೆ.