ಪ್ಲೇಟು ನಮ್ಮ ಕಡೆ, ಪ್ಲೇಯರ್ ಅವರ ಕಡೆ

ಹಿಸೆ ಆದಾಗ ಹೊಲ, ಮನೆ, ಎತ್ತು, ತಾಮ್ರದ ಹಂಡೆ ಎಲ್ಲಾ ಲೆಕ್ಕ ಹಾಕಿ ಹಂಚಿದ್ರಂತೆ. ಕೊನೆಗೆ ಉಳಿದದ್ದು ಒಂದು ಎಚ್.ಎಂ.ವಿ. ರೆಕಾರ್ಡ್ ಪ್ಲೇಯರ್, ಒಂದು ಟ್ರಂಕು ಪ್ಲೇಟು. ಪ್ಲೇಯರ್ ದೊಡ್ಡಪ್ಪನ ಪಾಲಿಗೆ, ಪ್ಲೇಟು ನಮ್ಮಪ್ಪನ ಪಾಲಿಗೆ. ಯಾವ ಪುಣ್ಯಾತ್ಮ ಹಾಗೆ ಹಂಚಿದನೋ! ಅದು 1991. ಅಲ್ಲಿಂದ ಇಬ್ಬರಿಗೂ ಹಾಡಿಲ್ಲ. ಮದುವೆ, ಮಣ್ಣು ಅಂತ ಸೇರಿದಾಗ ಎಷ್ಟು ಬೇಕೋ ಅಷ್ಟೇ ಮಾತು.

ನಮ್ಮೂರು ಕುಂದಗೋಳ ತಾಲೂಕಿನದು. ಕುಂದಗೋಳ ಅಂದ ಕೂಡಲೇ ಜನ ಸವಾಯಿ ಗಂಧರ್ವರ ಹೆಸರು ಹೇಳ್ತಾರೆ, ಅವರಲ್ಲಿದ್ದು ಕಲಿತ ಭೀಮಸೇನ ಜೋಶಿಯವರನ್ನ, ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರನ್ನ ನೆನೀತಾರೆ. ನಮ್ಮನೆಗೆ ಆ ರಾಗ ತಾಳ ಯಾವುದೂ ಹತ್ತಲಿಲ್ಲ. ನಮ್ಮದು ಅಪ್ಪಟ ಸಿನಿಮಾ ಹಾಡಿನ ಮನೆ. 1976ರಲ್ಲಿ ಮೆಣಸಿನಕಾಯಿ ಮಾರಿದ ರೊಕ್ಕದಲ್ಲಿ ದೊಡ್ಡಪ್ಪ ಹುಬ್ಬಳ್ಳಿಗೆ ಹೋಗಿ ಪ್ಲೇಯರ್ ತಂದ. ಜೊತೆಗೆ ಒಂದು ಎಲ್.ಪಿ. ಕನ್ನಡ ಹಿಟ್ ಹಾಡುಗಳದು: ‘ನಾಗರಹಾವು’, ‘ಬಂಗಾರದ ಮನುಷ್ಯ’, ‘ಗಂಧದ ಗುಡಿ’. ಬೀಜಕ್ಕಿಟ್ಟ ದುಡ್ಡೂ ಅದರಾಗೇ ಹೋಯ್ತು ಅಂತ ಅಜ್ಜ ಬೈದದ್ದು ಮನೆಯಲ್ಲಿ ಇವತ್ತಿಗೂ ಕಥೆ.

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಹೋದಾಗ, ಹುಬ್ಬಳ್ಳಿ ಮನೆ ಅಟ್ಟದ ಮೇಲೆ ಆ ಟ್ರಂಕು ಸಿಕ್ತು. ಎಲ್.ಪಿ. ಸ್ವಲ್ಪ ಬಾಗಿತ್ತು. ಮೃದು ಬಟ್ಟೆಯಿಂದ ಗೆರೆ ಹೋದ ದಿಕ್ಕಿಗೇ ಒರೆಸಿದೆ. ನಡುವಿನ ಕಾಗದದ ಮೇಲೆ ಕಹಳೆ ಮುಂದೆ ಕೂತ ನಾಯಿ ಇನ್ನೂ ಹಾಗೇ ಇತ್ತು. ಊರಿಗೆ ಒಯ್ದು ಹಚ್ಚಿಸಲೇನು ಅಂತ ಅಪ್ಪನನ್ನ ಕೇಳಿದೆ.

“ಒಯ್ಯಿ, ನನಗೇನು,” ಅಂದ್ರು. ನಾನು ಬಾಗಿಲು ದಾಟುವಷ್ಟರಲ್ಲಿ ಮತ್ತೆ ದನಿ ಬಂತು, “ಕಾರಿನ್ಯಾಗ ಬಿಸಲಿಗೆ ಇಡಬ್ಯಾಡ. ಸೊಟ್ಟ ಆಗ್ತದ.”

ದೊಡ್ಡಪ್ಪನ ಪ್ಲೇಯರಿನ ಒಳಗಿನ ರಬ್ಬರು ಬಿರುಕು ಬಿಟ್ಟಿತ್ತು. ಅಣ್ಣ ಅದನ್ನ ರಿಪೇರಿ ಮಾಡಿಸಿದ್ದ, ನಾನು ಆನ್‌ಲೈನ್‌ನಲ್ಲಿ ಸೂಜಿ ತರಿಸಿದ್ದೆ. ಹಾಡು ಶುರುವಾದಾಗ ನಿಜ ಹೇಳ್ತೀನಿ, ನಿರಾಸೆ ಆಯ್ತು. ಚರಚರ ಸದ್ದು. ನಿಮಿಷಕ್ಕೆ 33 ಸುತ್ತು ಹೊಡೆಯಬೇಕಾದ್ದು ತುಸು ನಿಧಾನ ತಿರುಗಿ, ಪಿ.ಬಿ. ಶ್ರೀನಿವಾಸರ ದನಿ ನೆಗಡಿ ಆದಂತೆ ಕೇಳ್ತಿತ್ತು. ಇದೇ ಹಾಡು ನಮ್ಮೆಲ್ಲರ ಮೊಬೈಲಿನಲ್ಲಿ ಇದಕ್ಕಿಂತ ಹತ್ತು ಪಟ್ಟು ಚಂದ ಬರ್ತದೆ.

ದೊಡ್ಡಪ್ಪ ಮಾತ್ರ ಪ್ಲೇಟಿನ ಹೊದಿಕೆ ಹಿಡಕೊಂಡು ಕೂತಿದ್ದ. “ಇದ್ರ ಸಲುವಾಗಿ ಊರಾಗ ಜಗಳ ಆಗಿತ್ತು ತಂಗೀ. ಹಾಡೋದು ರಾಜಕುಮಾರನ ಅಂತಿದ್ರು ಎಲ್ಲಾರೂ. ಇದರ ಮ್ಯಾಲಿನ ಹೆಸರು ತೋರಿಸಿದ್ರೂ ನಂಬಲಿಲ್ಲ. ನಿಮ್ಮಪ್ಪನೂ ನಂಬಲಿಲ್ಲ.” ಅವರ ತಪ್ಪಲ್ಲ ಬಿಡಿ. ಕಾಕಿನಾಡದಲ್ಲಿ ಹುಟ್ಟಿದ ಒಬ್ಬರ ದನಿ ರಾಜಕುಮಾರರ ಗಂಟಲಿಗೆ ಅಷ್ಟು ಹೊಂದಿಕೊಂಡಿತ್ತು. 1974ರ ‘ಸಂಪತ್ತಿಗೆ ಸವಾಲ್’ ನಂತರವೇ ರಾಜಕುಮಾರ್ ತಮ್ಮ ಹಾಡುಗಳನ್ನ ತಾವೇ ಹಾಡುವುದು ರೂಢಿಯಾದದ್ದು.

‘ಬಂಗಾರದ ಮನುಷ್ಯ’ದ ಹಾಡು ಬಂದಾಗ ಸೂಜಿ ಸಿಕ್ಕಿಕೊಂಡಿತು. ಅರ್ಧ ಸಾಲು, ಮತ್ತೆ ಅದೇ ಅರ್ಧ ಸಾಲು. ದೊಡ್ಡಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ಗೂಡಿನಿಂದ ಒಂದು ನಾಲ್ಕಾಣೆ ತೆಗೆದು ಸೂಜಿಯ ತಲೆ ಮೇಲೆ ಇಟ್ಟ. ಹಾಡು ಮುಂದೆ ಹೋಯ್ತು. ಆ ನಾಣ್ಯದ ಚಲಾವಣೆ 2011ರಲ್ಲೇ ನಿಂತಿದೆ. ಇವನು ಈ ಕೆಲಸಕ್ಕಂತ ಅದನ್ನ ಇನ್ನೂ ಇಟ್ಟುಕೊಂಡಿದ್ದ. ಪ್ಲೇಟೇ ಇಲ್ಲದ ಮನೆಯಲ್ಲಿ!

“ಆ ಗೀರು ನಿಮ್ಮಪ್ಪ ಹಾಕಿದ್ದು. ನಾ ಸಂತಿಗೆ ಹೋದಾಗ ಗೆಳ್ಯಾರನ ಕರಕೊಂಡ ಬಂದು ಹಚ್ಚಿದ್ದ. ನನಗ ಗೊತ್ತಿಲ್ಲ ಅನಕೊಂಡಾನ ಇನ್ನಾ.”

ಆ ಸಿನಿಮಾವನ್ನ ಇಬ್ಬರೂ ಹುಬ್ಬಳ್ಳಿಗೆ ಹೋಗಿ ಒಟ್ಟಿಗೇ ನೋಡಿದ್ದರಂತೆ. ತಾನು ಬೆಳೆಸಿದ ಹುಡುಗನೇ ಆಸ್ತಿಯ ಮಾತೆತ್ತಿದಾಗ ರಾಜೀವ ಸುಮ್ಮನೆ ಎದ್ದು ಊರು ಬಿಟ್ಟು ಹೋಗ್ತಾನಲ್ಲ, ಅಲ್ಲಿ ಇಬ್ಬರೂ ಅತ್ತಿದ್ದರಂತೆ. ಬರೋಬ್ಬರಿ ಅತ್ತು, ಮುಂದೆ ಒಂದು ಬದುವಿನ ಸಲುವಾಗಿ ಜಗಳಾಡಿ ಪಾಲಾದರು. ಆ ಬದು ನಾನು ನೋಡಿದ್ದೀನಿ. ಎರಡು ಮೊಳ ಅಗಲ ಇಲ್ಲ.

ಒಂದು ಬದಿಯ ಹಾಡುಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಪ್ಲೇಟು ವಾಪಸ್ ಒಯ್ಯಲು ತೆಗೆದುಕೊಂಡಾಗ ದೊಡ್ಡಪ್ಪ ಬೇಡ ಅನ್ನಲಿಲ್ಲ. ತಾನೇ ಹೊದಿಕೆಗೆ ಹಾಕಿ, ಹಳೇ ಪಂಚೆಯಲ್ಲಿ ಸುತ್ತಿ ಕೊಟ್ಟ. ಒಳಗೆ ನಾಲ್ಕಾಣೆಯನ್ನೂ ಇಟ್ಟಿದ್ದಾನೆ ಅಂತ ಗೊತ್ತಾದದ್ದು ಹುಬ್ಬಳ್ಳಿಗೆ ಬಂದ ಮೇಲೆ.

ರಾತ್ರಿ ಊಟ ಆದ ಮೇಲೆ ಅಪ್ಪನಿಗೆ ಫೋನು ಕೊಟ್ಟೆ. ಕಿವಿಗೆ ಹಚ್ಚಿಕೊಂಡು ಕೇಳಿದ್ರು. ಗೀರು ಬಂದ ಕಡೆ ನಗ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಹಿಂದೆ ಸರಿಸಿ, ಒಂದೇ ಜಾಗವನ್ನ ಮೂರು ಸಲ ಕೇಳಿದ್ರು. ನಾನೂ ಬಗ್ಗಿ ಕೇಳಿದೆ. ಹಾಡಿನ ನಡುವೆ ದೊಡ್ಡಪ್ಪ ಕೆಮ್ಮಿದ್ದು ಅದರಲ್ಲಿ ಬಂದಿತ್ತು.

“ಈ ಕೆಮ್ಮು ಎಷ್ಟ ದಿವಸದಿಂದ ಅದ ಅವಂಗ?” ಅಂತ ಕೇಳಿದ್ರು ಅಪ್ಪ. “ಡಾಕ್ಟರಿಗೆ ತೋರ್ಸ್ಯಾನೋ ಇಲ್ಲೋ?”