ವಂಶಾವಳಿ ಮತ್ತು ಭವಾವಳಿ: ಆತಕೂರಿನ ಬೇಟೆನಾಯಿ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಾಸನವನ್ನು ಇತಿಹಾಸಕಾರರು ಹೆಚ್ಚಾಗಿ ತಕ್ಕೋಲದ ಯುದ್ಧಕ್ಕಾಗಿಯೇ ಉಲ್ಲೇಖಿಸುತ್ತಾರೆ. ಕ್ರಿ.ಶ. 949-50ರ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಕಲ್ಲಿನ ಮೇಲೆ ಕಡೆದ ಚಿತ್ರದಲ್ಲಿ ಚೋಳನೂ ಇಲ್ಲ, ಬೂತುಗನೂ ಇಲ್ಲ. ಅಲ್ಲಿರುವುದು ಹಂದಿಯೊಡನೆ ಸೆಣಸುತ್ತಿರುವ ಒಂದು ನಾಯಿ.

ಯುದ್ಧದಲ್ಲಿ ಮೆರೆದ ಮಣಲೆರನಿಗೆ ಬೂತುಗನು ಮೆಚ್ಚು ಕೊಡಲು ಮುಂದಾದಾಗ ಆತ ಬೇಡಿದ್ದು ಒಡೆಯನ ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಬೆಟ್ಟದಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಸತ್ತವು. ದೇವಾಲಯದ ಮುಂದೆ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿಯ ದತ್ತಿಯೂ ದೊರೆಯಿತು.

ಈ ಶಾಸನದ ಕೊನೆಯಲ್ಲಿರುವ ಶಾಪದತ್ತ ಓದುಗರ ಗಮನ ಹೋಗುವುದು ಕಡಿಮೆ. ದತ್ತಿಯ ಭೂಮಿಯನ್ನು ಕೆಡಿಸಿದವನಿಗೆ, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿ ಮಾಡಿದ ಪಾಪ ತಗಲಲಿ ಎಂಬುದು ಅದರ ಅಭಿಪ್ರಾಯ. ಕವಿಲೆಯನ್ನೂ ವಾರಣಾಸಿಯನ್ನೂ ಮುಂದಿಟ್ಟು ಶಪಿಸುವುದು ಕನ್ನಡ ಶಾಸನಗಳ ವಾಡಿಕೆ. ಇಲ್ಲಿ ಮಾತ್ರ ಯಾರ ನೆನಪಿಗೆ ಕಲ್ಲು ನಿಂತಿತೋ ಅದರ ಪಾಪವೇ ಶಾಪದ ಸಾಮಗ್ರಿ. ನಾಯಿಯ ಶೌರ್ಯವನ್ನು ಪೂಜೆಗೆ ತಂದವರಿಗೆ ಆ ಶೌರ್ಯದಲ್ಲಿ ಕೊಲೆ ಇದೆಯೆಂಬ ಅರಿವು ಇಲ್ಲದಿರಲಿಲ್ಲ.

ಕಾಳಿಯನ್ನು ಮುಧೋಳ ತಳಿಯ ಪೂರ್ವಜವೆಂದು ಕರೆಯುವ ಆಸೆ ಸಹಜ. ಆದರೆ ಅದಕ್ಕೆ ಆಧಾರವಿಲ್ಲ. ಬಾಗಲಕೋಟೆ ಸೀಮೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವ ಜಾತಿ. ನೀಳವಾದ ತಲೆ, ಆಳವಾದ ಎದೆ, ಒಳಸರಿದ ಹೊಟ್ಟೆ ಇವೆಲ್ಲ ಬಯಲಿನಲ್ಲಿ ಮೊಲದ ಬೆನ್ನು ಹತ್ತುವುದಕ್ಕೆ ಒದಗಿದವು. ಹಂದಿಯನ್ನು ಕಚ್ಚಿ ಹಿಡಿಯುವುದು ಬೇರೆಯೇ ಕೆಲಸ. ಶಾಸನವಾದರೋ ಕಾಳಿಯ ಒಡೆಯರನ್ನು ಹೇಳುತ್ತದೆ, ತಾಯಿತಂದೆಯನ್ನು ಹೇಳುವುದಿಲ್ಲ. ಇಂಗ್ಲೆಂಡಿನ ನರಿಬೇಟೆಯ ನಾಯಿಗಳಿಗೆ 18ನೆಯ ಶತಮಾನದಿಂದ ಬರೆದಿಟ್ಟ ವಂಶಾವಳಿಗಳಿವೆ. ಮುಧೋಳದ ನಾಯಿಗೆ ಇದ್ದುದು ಸಾಕಿದ ಮನೆಗಳ ನೆನಪು, ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯ.

ಎರಡೂ ಕಡೆ ಬೇಟೆಯನ್ನು ಕಾನೂನು ತಡೆದಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯಿದೆ. ತಳಿ ಮಾತ್ರ ಉಳಿದಿದೆ. ಮೊದಲು ಯಾವ ಮರಿಯನ್ನು ಬೆಳೆಸಬೇಕೆಂಬುದನ್ನು ಬೇಟೆಯೇ ತೀರ್ಮಾನಿಸುತ್ತಿತ್ತು: ಓಡಲಾರದ್ದಕ್ಕೆ, ದಣಿಯುವುದಕ್ಕೆ ಸಂತಾನದ ಭಾಗ್ಯವಿರಲಿಲ್ಲ. ಈಗ ಅಳತೆಗೋಲು ತೀರ್ಮಾನಿಸುತ್ತದೆ. ಕೆಲವೇ ನಾಯಿಗಳನ್ನು ತಮ್ಮತಮ್ಮೊಳಗೆ ಕೂಡಿಸುತ್ತಾ ಹೋದರೆ ರೂಪ ಸ್ಥಿರವಾದೀತು, ಆದರೆ ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಹೊರಗಿನ ರಕ್ತ ಸೇರಿಸಿದರೆ ದೋಷ ತಗ್ಗೀತು, ತಳಿಯ ಹೆಸರು ಸಡಿಲವಾಗುತ್ತದೆ. ಮುಧೋಳ ಸಮೀಪದ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಂಥ ಸಂಸ್ಥೆಗಳ ಮುಂದಿರುವ ತೊಡಕು ಇದೇ. ಸೇನೆಯು ಈ ನಾಯಿಗಳನ್ನು ತರಬೇತಿಗೆ ತೆಗೆದುಕೊಂಡದ್ದು ಒಳ್ಳೆಯದೇ ಆಯಿತು; ಕೊಲ್ಲದೆಯೂ ಓಟಕ್ಕೊಂದು ಕೆಲಸ ಸಿಕ್ಕಿದಂತಾಯಿತು.

ಆತಕೂರಿನ ಕಲ್ಲು ನಿಂತು ಹತ್ತು ವರ್ಷವಾಗುವುದರೊಳಗೆ, ಅದೇ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ ಸೋಮದೇವಸೂರಿಯು ‘ಯಶಸ್ತಿಲಕ’ವನ್ನು ಮುಗಿಸಿದ. ಇದೇ ಕಥೆಯನ್ನು 1209ರಲ್ಲಿ ಜನ್ನ ಕನ್ನಡಿಸಿದ. ಅಲ್ಲಿಯೂ ಒಂದು ನಾಯಿ ಇದೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯಿಂದ ಯಶೋಧರನು ನವಿಲಾಗಿ, ತಾಯಿ ಚಂದ್ರಮತಿಯು ನಾಯಿಯಾಗಿ ಹುಟ್ಟಿ, ತಮ್ಮದೇ ಅರಮನೆಗೆ ಕಾಣಿಕೆಯಾಗಿ ಬರುತ್ತಾರೆ. ನಾಯಿ ನವಿಲನ್ನು ಕೊಲ್ಲುತ್ತದೆ. ಅದರ ವಂಶಾವಳಿ ಹುಡುಕಿದರೆ ತಾಯಿ ಮಗನನ್ನು ಕೊಂದ ಸುಳಿವು ಸಿಕ್ಕುವುದಿಲ್ಲ. ಅದು ತಿಳಿಯುವುದು ಭವಾವಳಿಯಿಂದ. ಬೇಟೆನಾಯಿಯ ಹಲ್ಲಿನ ಗುಣವನ್ನು ತಳಿಗಾರ ರಕ್ತದಲ್ಲಿ ಹುಡುಕಿದರೆ ಈ ಕವಿಗಳು ಕರ್ಮದಲ್ಲಿ ಹುಡುಕಿದರು. ನಾಯಿಯನ್ನು ಅವರು ಹಳಿಯಲಿಲ್ಲ ಎಂಬುದೂ ಗಮನಾರ್ಹ. ಅದು ದಾರಿ ತಪ್ಪಿದ ಜೀವ, ಮುಂದೆ ಬಿಡುಗಡೆಗೂ ಅರ್ಹವಾದದ್ದು.

ಬೂತುಗನ ಮನೆತನ ಜಿನಧರ್ಮಕ್ಕೆ ಆಶ್ರಯವಿತ್ತ ಮನೆತನ. ನಾಯಿಗೆ ಕಲ್ಲು ನಿಂತು ಕಾಲು ಶತಮಾನ ಸಂದಾಗ, 974ರ ಸುಮಾರಿನಲ್ಲಿ, ಆತನ ಮಗ ಮಾರಸಿಂಹನು ಹಲವು ಯುದ್ಧಗಳನ್ನು ಗೆದ್ದ ಮೇಲೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದನು. ಆತನ ಕೀರ್ತಿಯನ್ನು ಶ್ರವಣಬೆಳಗೊಳದ ಕಂಬ ಹೇಳುತ್ತದೆ.