ಚಾಲಿಯೂ ಡಾಲರೂ

ಶಿರಸಿ ಸೀಮೆಯ ನಮ್ಮ ಭಾವನ ಮನೆಯಲ್ಲಿ ಬೆಳಗಿನ ತೆಳ್ಳೇವಿನ ಹೊತ್ತಿಗೆ ಇಬ್ಬರು ಎರಡು ದರ ನೋಡುತ್ತಾರೆ. ಭಾವ ಪೇಪರಿನ ಒಳಪುಟ ಬಿಡಿಸಿ ಅಡಿಕೆಯಲ್ಲಿ ಚಾಲಿ ಎಷ್ಟು, ರಾಶಿ ಎಷ್ಟು, ಬೆಟ್ಟೆ ಎಷ್ಟು ಎಂದು ಕನ್ನಡಕ ಏರಿಸುತ್ತಾನೆ. ಅವನ ಮಗ, ಅಂದರೆ ನನ್ನ ಸೋದರಳಿಯ, ರಾತ್ರಿಯ ಕೆಲಸ ಮುಗಿಸಿ ಮಲಗುವ ಮೊದಲು ಮೊಬೈಲಿನಲ್ಲಿ ಡಾಲರ್ ಎಷ್ಟು ಎಂದು ನೋಡುತ್ತಾನೆ. ಅಪ್ಪನಿಗೆ ಆಗ ದಿನ ಶುರು, ಮಗನಿಗೆ ಆಗ ರಾತ್ರಿ ಶುರು. ಇಬ್ಬರ ಬಾಯಲ್ಲೂ ಬರುವ ಮಾತು ಮಾತ್ರ ಒಂದೇ: "ತಡಿ, ಇನ್ನೂ ಏರ್ತು."

ಅಳಿಯ 2020ರ ಲಾಕ್‌ಡೌನಿನಲ್ಲಿ ಒಂದು ಲ್ಯಾಪ್‌ಟಾಪು, ಎರಡು ಜೊತೆ ಬಟ್ಟೆ ಹಿಡಿದು ಬೆಂಗಳೂರಿನಿಂದ ಬಂದವನು. ಹದಿನೈದು ದಿನಕ್ಕೆಂದು ಬಂದವ ಇವತ್ತಿಗೂ ಇಲ್ಲೇ ಇದ್ದಾನೆ. ನಡುವೆ ಬೆಂಗಳೂರಿನ ನೌಕರಿಯನ್ನೂ ಬಿಟ್ಟ. ಈಗ ಅಮೆರಿಕದ ಪಶ್ಚಿಮ ಕರಾವಳಿಯ ಯಾವುದೋ ಸಣ್ಣ ಕಂಪನಿಗೆ ಗಂಟೆ ಲೆಕ್ಕದಲ್ಲಿ ಪ್ರೋಗ್ರಾಮು ಬರೆದುಕೊಡುತ್ತಾನೆ. ಇದಕ್ಕೇನು ಹೆಸರೋ ಎಂದು ಒಮ್ಮೆ ಕೇಳಿದೆ. "ಜಿಯೋ ಆರ್ಬಿಟ್ರೇಜು ಮಾವ" ಅಂದ. ಪಕ್ಕದಲ್ಲಿ ಕವಳ ಹಾಕುತ್ತಿದ್ದ ಭಾವ, "ತಿಂಗಳಿಗೆ ಎಷ್ಟು ರೀಚಾರ್ಜು?" ಎಂದು ವಿಚಾರಿಸಿದ.

ಗಟ್ಟಿ ನಾಣ್ಯದಲ್ಲಿ ದುಡಿದು ಅಗ್ಗದ ಊರಲ್ಲಿ ಬದುಕುವ ಉಪಾಯಕ್ಕೆ ಆ ಹೆಸರಂತೆ. 2007ರಲ್ಲಿ ಟಿಮ್ ಫೆರಿಸ್ ಎಂಬ ಅಮೆರಿಕದವನು ಬರೆದ 'ದಿ ಫೋರ್ ಅವರ್ ವರ್ಕ್‌ವೀಕ್' ಪುಸ್ತಕದಿಂದ ಆ ಮಾತು ಮನೆಮಾತಾಯಿತು. ಅಳಿಯನ ಮೇಜಿನ ಮೇಲೂ ಒಂದು ಪ್ರತಿ ಇದೆ. ವಾರಕ್ಕೆ ನಾಲ್ಕು ಗಂಟೆ ದುಡಿದರೆ ಸಾಕೆನ್ನುವ ಪುಸ್ತಕ ಓದಿದ ಹುಡುಗ ದಿನಕ್ಕೆ ನಾಲ್ಕು ಗಂಟೆ ನಿದ್ದೆ ಮಾಡುತ್ತಾನೆ. ಅವನ ಕಂಪನಿಯವರಿಗೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ಇಲ್ಲಿ ನಮ್ಮ ಅಕ್ಕ ಅನ್ನ ಬಿಸಿ ಮಾಡುವ ಹೊತ್ತು ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. "ಮಗ ಊರಲ್ಲೇ ಇದ್ದ ಹೇಳಿ ಹೆಸ್ರು. ಬೆಂಗಳೂರಲ್ಲಿದ್ದಾಗ ವೀಡಿಯೋ ಕಾಲಲ್ಲಾದ್ರೂ ಮುಖ ಕಾಣ್ತಿತ್ತು" ಎನ್ನುವುದು ಅವಳ ದೂರು. ಹೆಣ್ಣು ಕೇಳಲು ಹೋದಲ್ಲಿ ಇನ್ನೊಂದು ತಮಾಷೆ. ಆದಾಯ ಕೇಳಿ ಹುಬ್ಬೇರಿಸಿದವರು ಮರುಕ್ಷಣವೇ, "ಮಾಣಿ ಬೆಂಗಳೂರಿಗೆ ಹೋಪದು ಯಾವಾಗ?" ಎಂದು ಕೇಳುತ್ತಾರೆ. ದುಡ್ಡು ಎಲ್ಲಿಂದ ಬಂದರೂ ವಿಳಾಸ ಅಡಿಕೆ ತೋಟದ್ದೇ ತಾನೆ.

ನಾನು ಬ್ಯಾಂಕಿನ ವಿದೇಶಿ ವಿನಿಮಯದ ಮೇಜಿನ ಹಿಂದೆ ಕೂತೇ ತಲೆ ನೆರೆಸಿಕೊಂಡವನು. ಹಾಗಾಗಿ ಅಪ್ಪ ಮಗನ ದರದ ಜಗಳದಲ್ಲಿ ನನ್ನನ್ನು ಪಂಚನಾಗಿ ಕೂರಿಸುತ್ತಾರೆ. ಈ ವಿಷಯದಲ್ಲಿ ಭಾವನದೇ ಮೇಲುಗೈ. ಚಾಲಿಯನ್ನು ಚೀಲ ಕಟ್ಟಿ ಅಟ್ಟಕ್ಕೆ ಹಾಕಿದರೆ ವರ್ಷ ಕಳೆದರೂ ಕೇಳುವವರಿಲ್ಲ, ಹುಳವೊಂದನ್ನು ಬಿಟ್ಟು. ಡಾಲರಿಗೆ ಅಂಥ ಅಟ್ಟವಿಲ್ಲ. ಇಇಎಫ್‌ಸಿ ಎಂಬ ಖಾತೆಯಲ್ಲಿ ಡಾಲರನ್ನು ಡಾಲರಾಗಿಯೇ ಇಡಬಹುದು ಹೌದು, ಆದರೆ ಹೊರದೇಶದ ಖರ್ಚಿಗೆ ಬಳಸದಿದ್ದರೆ ಈ ತಿಂಗಳು ಬಂದದ್ದನ್ನು ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿ ಮಾಡಲೇಬೇಕು. ರಿಸರ್ವ್ ಬ್ಯಾಂಕಿನ ಈ ನಿಯಮ ಕೇಳಿ ಭಾವ ಬಹಳ ಹೊತ್ತು ನಕ್ಕ. ಅಡಿಕೆಗೆ ಹಾಗೊಂದು ನಿಯಮ ಬಂದಿದ್ದರೆ ಶಿರಸಿಯಲ್ಲಿ ಎಷ್ಟು ದಿನ ಬಂದ್ ಆಗುತ್ತಿತ್ತೆಂದು ಲೆಕ್ಕ ಹಾಕುತ್ತಿದ್ದಿರಬೇಕು.

ಅಳಿಯ ದೊಡ್ಡ ದೇಶಭಕ್ತ. ಕ್ರಿಕೆಟ್ಟಿನಲ್ಲಿ ಭಾರತ ಸೋತರೆ ರಾತ್ರಿಯೂಟ ಬಿಡುವವನು. ಆದರೆ ರೂಪಾಯಿ ಬಿದ್ದ ದಿನ ಮುಖ ಹೋಳಿಗೆಯಂತೆ ಅರಳುತ್ತದೆ. ಅರಳಿದ್ದು ಗೊತ್ತಾಗಬಾರದೆಂದು ಸರಕಾರವನ್ನು ನಾಲ್ಕು ಮಾತು ಬೈಯುತ್ತಾನೆ. ನಾನು ಬ್ಯಾಂಕು ಸೇರಿದ 1980ರಲ್ಲಿ ಡಾಲರಿಗೆ 8 ರೂಪಾಯಿಯೂ ಇರಲಿಲ್ಲ. ಅದಕ್ಕೂ ಹಿಂದೆ, 1966ರ ಜೂನ್ 6ರಂದು 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಇಳಿಸಿದ್ದಕ್ಕೇ ದೇಶವೆಲ್ಲ ಗುಲ್ಲೋ ಗುಲ್ಲು. ಆ ಅಪಮೌಲ್ಯದ ಪೆಟ್ಟು ಎಲ್ಲೆಲ್ಲಿಗೆ ತಾಗಿತೆಂದರೆ ಕೇಳಿದವರು ನಂಬುವುದಿಲ್ಲ. ಆಗ ದುಬೈ, ಕತಾರಿನ ಅಂಗಡಿಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. ಕೊಲ್ಲಿಯ ಬಳಕೆಗೆಂದೇ ರಿಸರ್ವ್ ಬ್ಯಾಂಕು 1959ರಲ್ಲಿ ಬೇರೆ ನೋಟು ಅಚ್ಚು ಹಾಕಿಸಿತ್ತು. ದೆಹಲಿಯಲ್ಲಿ ಯಾರೋ ಸಹಿ ಹಾಕಿದ್ದಕ್ಕೆ ದುಬೈ ವ್ಯಾಪಾರಿಯ ಕಿಸೆ ರಾತ್ರೋರಾತ್ರಿ ಹಗುರಾಯಿತು. ಈ ನಾಣ್ಯದ ಸಹವಾಸ ಬೇಡವೆಂದು ಅವರು ಕೈಮುಗಿದರು. ಅದಾಗಿ ಹತ್ತು ವರ್ಷ ಕಳೆಯುವುದರೊಳಗೆ ಎಣ್ಣೆಯ ಬೆಲೆ ಏರಿತು. ಭಟ್ಕಳ, ಮಂಗಳೂರಿನ ಹುಡುಗರು ಆ ದಡಕ್ಕೇ ದುಡಿಯಲು ಹೊರಟರು, ದಿರ್‌ಹಮಿನಲ್ಲಿ ಸಂಬಳ ಎಣಿಸಿ ರೂಪಾಯಿಯಲ್ಲಿ ಮನೆ ಕಟ್ಟಲು. ಅವರು ಮೈಯನ್ನು ಅಲ್ಲಿಟ್ಟು ದುಡ್ಡನ್ನು ಇಲ್ಲಿಗೆ ಕಳಿಸಿದರು. ಅಳಿಯನ ಮೈ ಇಲ್ಲೇ ಇದೆ. ಅಲ್ಲಿಗೆ ಹೋದದ್ದು ನಿದ್ದೆ ಮಾತ್ರ.

ಗಟ್ಟಿ ನಾಣ್ಯದವರ ಮಜಾ ನೋಡಬೇಕಾದರೆ ಹೆಮಿಂಗ್ವೇ ಪತ್ರಕರ್ತನಾಗಿದ್ದ ಕಾಲಕ್ಕೆ ಹೋಗಬೇಕು. 1922ರಲ್ಲಿ ಅವನು, ಹೆಂಡತಿ ಇಬ್ಬರೂ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಿಂದ ರೈನ್ ನದಿ ದಾಟಿ ಜರ್ಮನಿಯ ಕೇಲ್ ಎಂಬ ಊರಿಗೆ ಹೋದರು. 10 ಫ್ರಾಂಕು ಕೊಟ್ಟರೆ 670 ಮಾರ್ಕು ಬಂತು. ದಿನವಿಡೀ ಧಾರಾಳವಾಗಿ ಖರ್ಚು ಮಾಡಿದರೂ ಸಂಜೆಗೆ 120 ಮಾರ್ಕು ಉಳಿದಿತ್ತೆಂದು ಟೊರಾಂಟೋದ ಪತ್ರಿಕೆಗೆ ಬರೆದ. ಅಲ್ಲಿಯ ಕೇಕಿನ ಅಂಗಡಿಗೆ ನದಿಯಾಚೆಯ ಫ್ರೆಂಚ್ ಹುಡುಗರು ಮುಗಿಬಿದ್ದು ಕೆನೆ ಕೇಕು ಬಾಚುತ್ತಿದ್ದರಂತೆ. ಕೇಕೆಲ್ಲ ಖಾಲಿಯಾದರೂ ಅಂಗಡಿಯವನ ಮುಖದಲ್ಲಿ ಖುಷಿಯಿರಲಿಲ್ಲವಂತೆ. ಈ ಕತೆ ಹೇಳುವವರೆಲ್ಲ ಕೇಕು ತಿಂದವರ ಪಂಕ್ತಿಯಲ್ಲಿ ಕೂರುತ್ತಾರೆ. ನನಗೆ ಮಾತ್ರ ಆ ಅಂಗಡಿಯವನ ಮುಖವೇ ಕಣ್ಣಿಗೆ ಕಟ್ಟುತ್ತದೆ, ಬಹುಶಃ ಕೌಂಟರಿನ ಈಚೆ ಬಹಳ ವರ್ಷ ಕೂತದ್ದಕ್ಕೆ.

ಹಾಗಾದರೆ ಅಗ್ಗದ ಊರಲ್ಲಿ ಅಗ್ಗವಾಗಿರುವುದು ಯಾವುದು? ಲ್ಯಾಪ್‌ಟಾಪು ಅಲ್ಲ, ಅದಕ್ಕೆ ಶಿರಸಿಯಲ್ಲೂ ಅಮೆರಿಕದ್ದೇ ಬೆಲೆ. ಪೆಟ್ರೋಲಂತೂ ಅಲ್ಲವೇ ಅಲ್ಲ. ಪೇಟೆಯಲ್ಲಿ ಅಳಿಯ ಕ್ಷೌರ ಮಾಡಿಸಿಕೊಂಡು ನೂರರ ನೋಟೊಂದನ್ನು ಕೊಟ್ಟು ಬರುತ್ತಾನೆ. ಅಮೆರಿಕದಲ್ಲಿ ಅದೇ ಕತ್ತರಿ, ಅದೇ ಅರ್ಧ ಗಂಟೆ, ಅಷ್ಟೇ ಕೂದಲು. ಇಪ್ಪತ್ತೈದು ಮೂವತ್ತು ಡಾಲರು, ಮೇಲೆ ಟಿಪ್ಸು. ಅಲ್ಲಿಯ ಕ್ಷೌರಿಕ ಹೆಚ್ಚು ಚುರುಕೇನಲ್ಲ. 1964ರಲ್ಲಿ ಬೇಲಾ ಬಲಾಸಾ, ಪಾಲ್ ಸ್ಯಾಮ್ಯುಯೆಲ್‌ಸನ್ ಎಂಬ ಇಬ್ಬರು ಅರ್ಥಶಾಸ್ತ್ರಿಗಳು ಬೇರೆಬೇರೆಯಾಗಿ ಈ ಗಂಟು ಬಿಡಿಸಿದರು. ಪಕ್ಕದ ಕಾರ್ಖಾನೆ ಕೈತುಂಬ ಸಂಬಳ ಕೊಡುವಾಗ ಕ್ಷೌರಿಕನಿಗೂ ಅದಕ್ಕೆ ಹೊಂದುವಷ್ಟು ಸಿಗದಿದ್ದರೆ ಅವನು ಕತ್ತರಿ ಕೆಳಗಿಟ್ಟು ಕಾರ್ಖಾನೆಗೆ ನಡೆಯುತ್ತಾನೆ. ಅವನ ದರ ನಿಂತಿರುವುದು ಸುತ್ತಲಿನವರ ಗಳಿಕೆಯ ಮೇಲೆ. ಅಳಿಯನ ಡಾಲರು ಇಲ್ಲಿ ನಿಜವಾಗಿ ಅಗ್ಗಕ್ಕೆ ಕೊಳ್ಳುತ್ತಿರುವುದು ಪಕ್ಕದ ಮನೆಯವರ ಹೊತ್ತನ್ನು. ಇದನ್ನು ಅವನಿಗೆ ಹೇಳಿದರೆ, "ಮಾವ, ಎನಗೂ ಅಲ್ಲಿಯವ್ಕೆ ಕೊಡ ದುಡ್ಡಿನ ಕಾಲುಭಾಗವೂ ಕೊಡ್ತ್ವಿಲ್ಲೆ" ಅಂದ. ಅದೂ ನಿಜವೇ. ಅವನು ಒಂದು ಕಡೆ ಗಿರಾಕಿ, ಇನ್ನೊಂದು ಕಡೆ ಕ್ಷೌರಿಕ.

ಬಲಾಸಾನ ಹೆಸರು ಕೇಳದೆಯೂ ಅವನ ಸಿದ್ಧಾಂತವನ್ನು ಅರೆದು ಕುಡಿದವನು ನಮ್ಮೂರ ಕೊನೆಗೌಡ. ಅಡಿಕೆ ಮರ ಹತ್ತಿ, ತುದಿಯಿಂದ ತುದಿಗೆ ಜೀಕಿ ದಾಟುತ್ತ ಕೊನೆ ಇಳಿಸುವವ. ಅವನಪ್ಪ ದಿನಕ್ಕೆ ಎಷ್ಟು ಮರ ಹತ್ತುತ್ತಿದ್ದನೋ ಇವನೂ ಅಷ್ಟೇ ಹತ್ತುತ್ತಾನೆ. ಮರವೇನು ಗಿಡ್ಡವಾಗಿಲ್ಲ, ಕಾಲಿನ ತಳೆಯೂ ಬದಲಾಗಿಲ್ಲ. ಕೂಲಿ ಮಾತ್ರ ನೂರರ ಲೆಕ್ಕ ಬಿಟ್ಟು ಸಾವಿರದ ಲೆಕ್ಕಕ್ಕೆ ಹತ್ತಿದೆ. ಅವನ ಓರಗೆಯವರು ಹುಬ್ಬಳ್ಳಿ, ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಾರೆ, ಮಕ್ಕಳು ಮರದ ಕಡೆ ತಲೆಯೆತ್ತಿಯೂ ನೋಡುವುದಿಲ್ಲ. ಹೋಗದೆ ಉಳಿದವನನ್ನು ಉಳಿಸಿಕೊಳ್ಳಬೇಕಾದರೆ ಅವನು ಕೇಳಿದ್ದು ಕೊಡಬೇಕು. ಭಾವ ಇದನ್ನು ಕಲಿಗಾಲ ಎನ್ನುತ್ತಾನೆ. ಬೆಂಗಳೂರಿಗೆ ಬಂದ ಡಾಲರು ಘಟ್ಟದ ತೋಟದ ತನಕ ಹರಿದು ಬರಲು ಇಷ್ಟು ತಡವಾಯಿತಲ್ಲ ಎಂದು ನನಗೆ ಅನಿಸುತ್ತದೆ. ಹಾಗೆಂದು ಭಾವನೆದುರು ಹೇಳುವ ಧೈರ್ಯವಿಲ್ಲ. ಅವನ ಮನೆಯ ತೆಳ್ಳೇವು ತಿನ್ನುವವನು ನಾನು.

ಅಳಿಯನಿಗೂ ಈಗೀಗ ಸ್ವಲ್ಪ ಕಳವಳವಿದೆ. 2024ರ ಮಾರ್ಚಿನಲ್ಲಿ ಈಜಿಪ್ಟು ತನ್ನ ಪೌಂಡಿನ ಕೈಬಿಟ್ಟಿತು. ಡಾಲರಿಗೆ 31ರ ಆಸುಪಾಸಿನಲ್ಲಿದ್ದದ್ದು ಒಂದೇ ದಿನದಲ್ಲಿ 50ರ ಹತ್ತಿರ ಹೋಯಿತು. ಅದಾಗಿ ಕೆಲ ತಿಂಗಳಿಗೆ ಇವನ ಕಂಪನಿಯ ಮೀಟಿಂಗಿನಲ್ಲಿ ಕೈರೋದ ಹುಡುಗನೊಬ್ಬ ಕಾಣಿಸಿಕೊಂಡ. ಚೆನ್ನಾಗಿ ಕೆಲಸ ಮಾಡುತ್ತಾನಂತೆ. ಗಂಟೆಗೆ ಎಷ್ಟು ತಗೊಳ್ಳುತ್ತಾನೆಂದು ಅಳಿಯ ಕೇಳಲಿಲ್ಲ. ಆದರೆ ಬೆಳಗಿನ ದರ ನೋಡುವಾಗ ಈಗ ರೂಪಾಯಿಯ ಕೆಳಗೆ ಈಜಿಪ್ಟಿನ ಪೌಂಡೂ ಇರುತ್ತದೆ.

ಕಳೆದ ಕೊಯ್ಲಿಗೆ ನಾನು ಹೋದಾಗ ಕೆಳಗೆ ಹಗ್ಗ ಹಿಡಿಯಲು ಆಳು ಸಿಕ್ಕಿರಲಿಲ್ಲ. ಗಂಟೆಗೆ ಡಾಲರಿನಲ್ಲಿ ಎಣಿಸುವ ಅಳಿಯ ರಾತ್ರಿಯೆಲ್ಲ ಕೆಲಸ ಮಾಡಿ, ಕಣ್ಣು ಕೆಂಪಾಗಿಸಿಕೊಂಡು, ಅಪ್ಪನ ಹಳೆ ಟವೆಲು ಹೆಗಲಿಗೆ ಹಾಕಿ ಬಿಟ್ಟಿ ಕೂಲಿಗೆ ನಿಂತಿದ್ದ. ಮೇಲಿನಿಂದ ಕೊನೆ ಜಾರಿ ಬರುತ್ತಿತ್ತು. ಕಿಸೆಯಲ್ಲಿ ಮೊಬೈಲು ಕಿಣಿಗುಟ್ಟಿತು. ಅವನು ಒಂದು ಕೈ ಬಿಟ್ಟು ನೋಡಹೊರಟ.

"ಓ ಸಣ್ಣ ಹೆಗಡೇರೆ," ಮರದ ತುದಿಯಿಂದ ಕೊನೆಗೌಡ ಕೂಗಿದ, "ಅದ್ನ ಆಮೇಲೆ ನೋಡ್ರಾ. ಹಗ್ಗ ಗಟ್ಟಿ ಹಿಡೀರಿ."